ವಿಷುವ ಬಳೆ: ಒಂದು ಮಿಲಿಮೀಟರಿಗೆ ಆರು ಗಂಟೆ

ಕಬ್ಬಿಣದ ಪಟ್ಟಿಯೊಂದನ್ನು ಬಳೆಯಾಗಿ ಬಗ್ಗಿಸಿ, ಆ ಬಳೆಯನ್ನು ಭೂಮಿಯ ಸಮಭಾಜಕಕ್ಕೆ ಸಮಾಂತರವಾಗಿ ಬಿಸಿಲಲ್ಲಿ ನಿಲ್ಲಿಸಿದರೆ ಉಪಕರಣ ಮುಗಿಯಿತು. ಕಣ್ಣಿಟ್ಟು ನೋಡುವ ಕೊಳವೆಯಿಲ್ಲ, ತಿರುಗುವ ಭಾಗವಿಲ್ಲ. ಸೂರ್ಯ ಸಮಭಾಜಕದ ದಕ್ಷಿಣಕ್ಕಿರುವ ತಿಂಗಳುಗಳಲ್ಲಿ ಬಳೆಯ ಮೇಲರ್ಧದ ನೆರಳು ಕೆಳಗಿನ ಅರ್ಧದಿಂದ ಉತ್ತರಕ್ಕೆ ಜಾರಿ ಬೀಳುತ್ತದೆ, ಉತ್ತರಕ್ಕಿರುವಾಗ ದಕ್ಷಿಣಕ್ಕೆ. ಸೂರ್ಯ ಸಮಭಾಜಕವನ್ನು ದಾಟುವ ಹೊತ್ತುಗಳಲ್ಲಿ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳಲ್ಲಿ ಮಾತ್ರ, ಅದು ಕೆಳಗಿನ ಒಳಮೈಯ ನಟ್ಟನಡುವೆ ಕೂರುತ್ತದೆ.

ಕ್ರಿ.ಪೂ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಚೌಕ ಮಂಟಪದಲ್ಲಿ ಇಂಥದೊಂದು ಕಂಚಿನ ಬಳೆ ಇತ್ತು. ರೋಡ್ಸ್ ದ್ವೀಪದಲ್ಲಿದ್ದುಕೊಂಡು ಆಕಾಶ ಅಳೆಯುತ್ತಿದ್ದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್, ವರ್ಷದ ಉದ್ದವನ್ನು ಲೆಕ್ಕ ಹಾಕುವಾಗ ಅದರ ಓದನ್ನೂ ಎದುರಿಗಿಟ್ಟುಕೊಂಡಿದ್ದ. ಅವನ ಬರಹ ಬಹುಪಾಲು ಕಳೆದುಹೋಗಿದೆ. ನಂತರದ ಖಗೋಳಜ್ಞ ಟಾಲೆಮಿ ತನ್ನ ಗ್ರಂಥ ಅಲ್ಮಜೆಸ್ಟಿನ ಮೂರನೇ ಪುಸ್ತಕದಲ್ಲಿ ಎತ್ತಿ ಹೇಳಿದ್ದರಿಂದ ಈ ಭಾಗ ಉಳಿದಿದೆ. ಅಲ್ಲಿ ಕೊಟ್ಟಿರುವ ಹಿಪ್ಪಾರ್ಕಸನ ವಿಷುವಗಳ ಸಮಯವೆಲ್ಲ ಬೆಳಗು, ಮಧ್ಯಾಹ್ನ, ಸಂಜೆ, ನಡುರಾತ್ರಿ ಎಂದು ಕಾಲು ದಿನದ ಲೆಕ್ಕದಲ್ಲಿದೆ. ಅದಕ್ಕಿಂತ ನಯವಾಗಿ ಯಾಕಿಲ್ಲ ಅನ್ನುವುದು ಬಳೆ ಕಟ್ಟುವಾಗ ತಾನಾಗಿ ತಿಳಿಯುತ್ತದೆ.

ಮೊದಲು ಲೆಕ್ಕ

ಸೂರ್ಯ ಸಮಭಾಜಕದಿಂದ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಅನ್ನುವ ಕೋನಕ್ಕೆ ಕ್ರಾಂತಿ ಎಂದು ಹೆಸರು. ವಿಷುವದ ಆಸುಪಾಸಿನಲ್ಲಿ ಅದು ದಿನಕ್ಕೆ ಸುಮಾರು 24 ಕಲೆ ಬದಲಾಗುತ್ತದೆ. ಒಂದು ಕಲೆ ಎಂದರೆ ಡಿಗ್ರಿಯ 60ನೇ ಒಂದು ಪಾಲು. ಪಂಚಾಂಗದ ಈ ಮಾತನ್ನೇ ಇಲ್ಲಿ ಇಟ್ಟುಕೊಂಡರೆ ಗಡಿಯಾರದ ನಿಮಿಷದ ಜೊತೆ ಗೊಂದಲವಾಗುವುದಿಲ್ಲ. ಹಾಗಾಗಿ ಗಂಟೆಗೆ ಒಂದು ಕಲೆ.

ಬಳೆಯ ಒಳವ್ಯಾಸ 600 ಮಿ.ಮೀ. ಆದರೆ, ಮೇಲಿನ ತುದಿಯ ನೆರಳು ಎದುರಿನ ಒಳಮೈ ಮೇಲೆ ಒಂದು ಕಲೆಗೆ 0.17 ಮಿ.ಮೀ. ಸರಿಯುತ್ತದೆ. ದಿನಕ್ಕೆ 4.1 ಮಿ.ಮೀ. ತಿರುಗಿಸಿ ನೋಡಿದರೆ, 1 ಮಿ.ಮೀ. ತಪ್ಪು ಸುಮಾರು ಆರು ಗಂಟೆಯ ತಪ್ಪು. ಬಳೆ ಸೊಟ್ಟಗಿರಲಿ, ವಾಲಿಕೆ ತಪ್ಪಿರಲಿ, ನೆರಳಿನ ಅಂಚನ್ನು ಓದುವುದರಲ್ಲೇ ಎಡವಿರಲಿ, ಲೆಕ್ಕ ಅದೇ. ಟಾಲೆಮಿಯೂ ಇದನ್ನು ಹೇಳಿದ್ದಾನೆ: ಉಪಕರಣ ವೃತ್ತದ 3600ನೇ ಒಂದು ಭಾಗದಷ್ಟು, ಅಂದರೆ 6 ಕಲೆ, ತಪ್ಪಿ ಕೂತರೆ ವಿಷುವ ಕಾಲು ದಿನ ಹಿಂದುಮುಂದಾಗುತ್ತದೆ.

ಪಟ್ಟಿ ಬಗ್ಗಿಸುವುದು

25 × 5 ಮಿ.ಮೀ. ಎಂ.ಎಸ್. ಫ್ಲಾಟ್ (ಮೈಲ್ಡ್ ಸ್ಟೀಲ್ ಪಟ್ಟಿ) ತೆಗೆದುಕೊಳ್ಳಿ. ಒಳವ್ಯಾಸ 600 ಬರಬೇಕಾದರೆ ಪಟ್ಟಿಯ ನಡುಗೆರೆಯ ಸುತ್ತಳತೆ 605 × 3.1416, ಅಂದರೆ 1901 ಮಿ.ಮೀ. ಆದರೆ 1901ಕ್ಕೇ ಕತ್ತರಿಸಿ ಕೊಡಬೇಡಿ. ರೋಲಿಂಗ್ ಮೆಷಿನ್ನಿನಲ್ಲಿ ಎರಡೂ ತುದಿಯ ಸ್ವಲ್ಪ ಭಾಗ ಬಗ್ಗದೆ ನೆಟ್ಟಗೇ ಉಳಿಯುತ್ತದೆ. 2200 ಮಿ.ಮೀ. ಕೊಟ್ಟು, ಬಗ್ಗಿದ ಮೇಲೆ ನೆಟ್ಟಗಿನ ತುದಿಗಳನ್ನು ಕತ್ತರಿಸಿ ಸೇರಿಸಬೇಕು. ಮುಗಿದ ಬಳೆ ಎರಡು ಕಿಲೋಗೆ ತುಸು ಕಡಿಮೆ ತೂಗುತ್ತದೆ.

ರೋಲರಿನಿಂದ ಹೊರಬಂದ ಪಟ್ಟಿ ಸಾಮಾನ್ಯವಾಗಿ ಸ್ಪ್ರಿಂಗಿನ ಒಂದು ಸುತ್ತಿನಂತೆ ತಿರುಚಿಕೊಂಡಿರುತ್ತದೆ. ಎರಡು ತುದಿ ಒಂದೇ ಮಟ್ಟಕ್ಕೆ ಬರುವುದಿಲ್ಲ. ಅದನ್ನು ಒತ್ತಿ ಹಿಡಿದು ವೆಲ್ಡ್ ಮಾಡಿದರೆ ತಿರುಚು ಬಳೆಯೊಳಗೇ ಉಳಿದು, ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಒಂದು ಕಡೆ ಎದ್ದು ನಿಲ್ಲುತ್ತದೆ. ಮೊದಲು ಎರಡು ಕೈಯಲ್ಲಿ ಹಿಡಿದು ತಿರುಚು ಬಿಡಿಸಿ, ಒತ್ತಡವಿಲ್ಲದೆ ತುದಿಗಳು ಒಂದಕ್ಕೊಂದು ಎದುರಾದ ಮೇಲೆ ಟ್ಯಾಕ್ (ಚುಕ್ಕೆ ವೆಲ್ಡ್) ಹಾಕಿಸಿ. ವೆಲ್ಡಿಂಗ್ ಒಂದೇ ಬದಿಯಿಂದ ಪೂರ್ತಿ ಎಳೆದರೆ ಬಳೆ ಆ ಕಡೆಗೆ ಸೆಳೆದುಕೊಳ್ಳುತ್ತದೆ. ಒಂದು ಅಂಚಿಗೆ ಚೂರು, ಇನ್ನೊಂದಕ್ಕೆ ಚೂರು, ನಡುವೆ ಆರಲು ಬಿಡಿ.

ಅಡುಗೆಮನೆ ಕಟ್ಟೆಗೆ ಹಾಕುವ ಪಾಲಿಶ್ ಗ್ರಾನೈಟ್ ಹಲಗೆ ಸಮತಟ್ಟು ನೋಡಲು ಸಾಕು. ಬಳೆಯನ್ನು ಅದರ ಮೇಲೆ ಮಲಗಿಸಿ ಸುತ್ತಲೂ 0.2 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆ) ತೂರಿಸಿ ನೋಡಿ. ತೂರಿದ ಜಾಗದಲ್ಲಿ ಬಳೆ ಎದ್ದಿದೆ, ಅಥವಾ ಅದರ ಅಕ್ಕಪಕ್ಕ ಉಬ್ಬಿದೆ. ಉಬ್ಬಿದ ಕಡೆ ಚಪ್ಪಟೆ ಅರದಿಂದ ಉಜ್ಜಿ, ತಿರುವಿ ಹಾಕಿ, ಇನ್ನೊಂದು ಅಂಚಿಗೂ ಇದೇ ಕೆಲಸ. ಕೊನೆಗೆ ಅಗಲವನ್ನು ವರ್ನಿಯರಿನಿಂದ ಹನ್ನೆರಡು ಕಡೆ ಅಳೆಯಿರಿ. ಎಲ್ಲೂ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಯಾಕೆಂದರೆ ನೆರಳಿನ ಎರಡೂ ಅಂಚು ಓದುವವರಿಗೆ ಅಗಲವೇ ಅಳತೆಗೋಲು. 600 ಮಿ.ಮೀ. ಹಿಡಿಯುವ ದೊಡ್ಡ ಲೇತ್ ಇರುವ ವರ್ಕ್‌ಶಾಪ್ ಸಿಕ್ಕರೆ ಎರಡೂ ಅಂಚನ್ನು ಫೇಸಿಂಗ್ (ಸಮತಟ್ಟಾಗಿ ಕಡೆಯುವುದು) ಮಾಡಿಸಿಬಿಡಿ, ಒಂದು ದಿನದ ಅರದ ಕೆಲಸ ತಪ್ಪುತ್ತದೆ.

ಒಳಮೈಗೆ ರೆಡ್ ಆಕ್ಸೈಡ್, ಅದರ ಮೇಲೆ ಹೊಳಪಿಲ್ಲದ ಬಿಳಿ. ಹೊರಮೈಗೆ ಕಪ್ಪು. ಅಂಚುಗಳಿಗೆ ಬಣ್ಣ ಬೇಡ, ಟೇಪ್ ಅಂಟಿಸಿಕೊಂಡು ಬಳಿಯಿರಿ. ಅಂಚಿನ ಮೇಲೆ 0.1 ಮಿ.ಮೀ. ಬಣ್ಣ ಗಟ್ಟಿಯಾದರೆ ಅರ್ಧ ಗಂಟೆಗಿಂತ ಹೆಚ್ಚು ಹೋಯಿತು. ತುಕ್ಕು ಹಿಡಿಯದಂತೆ ತೆಳ್ಳಗೆ ಎಣ್ಣೆ ಒರೆಸಿದರೆ ಸಾಕು. ಕೆಳಗಿನ ಅರ್ಧದ ಒಳಮೈಯಲ್ಲಿ ನಡುಗೆರೆ ಎಳೆದು, ಅದರ ಎರಡೂ ಬದಿಗೆ ಮಿ.ಮೀ. ಗೆರೆಗಳನ್ನು ಚೂಪು ಪೆನ್ಸಿಲಿನಲ್ಲಿ ಹಾಕಿ. ಗ್ರಾಫ್ ಕಾಗದ ಅಂಟಿಸುವುದು ಸುಲಭವೆನಿಸಬಹುದು, ಆದರೆ ಇಬ್ಬನಿ ಬಿದ್ದರೆ ಕಾಗದ ಹಿಗ್ಗುತ್ತದೆ.

ನಿಲ್ಲಿಸುವುದು

ಕರ್ನಾಟಕದ ಅಕ್ಷಾಂಶದಲ್ಲಿ ಬಳೆ ಹೆಚ್ಚುಕಡಿಮೆ ಬಂಡಿಯ ಚಕ್ರದ ಹಾಗೆ ನೆಟ್ಟಗೇ ನಿಲ್ಲುತ್ತದೆ, ತುದಿ ಸ್ವಲ್ಪ ದಕ್ಷಿಣಕ್ಕೆ ವಾಲಿರುತ್ತದೆ. ಎಷ್ಟು ಡಿಗ್ರಿ ಅಕ್ಷಾಂಶವೋ ಅಷ್ಟೇ ಡಿಗ್ರಿ ವಾಲಿಕೆ. ಅಲೆಕ್ಸಾಂಡ್ರಿಯಾದಲ್ಲಿ ಅದು 31 ಡಿಗ್ರಿ ವಾಲಬೇಕಿತ್ತು, ಬೆಂಗಳೂರಿನಲ್ಲಿ 13.

ನೆಲದಿಂದ ಎದ್ದ ಕಾಂಕ್ರೀಟ್ ಕಂಬದ ಮೇಲೆ 450 × 300 × 8 ಮಿ.ಮೀ. ಉಕ್ಕಿನ ಹಲಗೆ, ಉದ್ದ ಬದಿ ಉತ್ತರ-ದಕ್ಷಿಣ. ನಾಲ್ಕು ಎಂ10 ಆ್ಯಂಕರ್ ಬೋಲ್ಟು, ಹಲಗೆಯ ತೂತುಗಳು ದುಂಡಗಿರದೆ ಉದ್ದುದ್ದ ಇರಲಿ. ಹಲಗೆಯನ್ನು ಒಂದೆರಡು ಡಿಗ್ರಿ ತಿರುಗಿಸಲು ಬೇಕಾಗುತ್ತದೆ. ಬಳೆಯ ತಳವನ್ನು ಹಲಗೆಯ ದಕ್ಷಿಣ ತುದಿಯ ಹತ್ತಿರ ಆ್ಯಂಗಲ್ ತುಂಡಿಗೆ ಒಂದೇ ಎಂ8 ಬೋಲ್ಟಿನಿಂದ ಸೇರಿಸಿ. ಗಡಿಯಾರದ 2 ಮತ್ತು 10ರ ಜಾಗದಲ್ಲಿ ಹೊರಮೈಗೆ ಕಿವಿ ಬೆಸೆದು, ಅಲ್ಲಿಂದ ಹಲಗೆಯ ಉತ್ತರ ತುದಿಗೆ 700 ಮಿ.ಮೀ. ಉದ್ದದ ಎರಡು ಎಂ8 ಥ್ರೆಡ್ ರಾಡ್, ಎರಡೂ ಕಡೆ ನಟ್ಟು. ನಟ್ಟು ಒಂದು ಸುತ್ತು ತಿರುಗಿದರೆ ಬಳೆಯ ತುದಿ ಕೆಲವು ಮಿ.ಮೀ. ಸರಿಯುತ್ತದೆ. ಕಿವಿಗಳ ಅಗಲ 20 ಮಿ.ಮೀ. ದಾಟಬಾರದು. ಬಳೆಯ 25 ಮಿ.ಮೀ. ಅಗಲದಿಂದ ಆಚೆ ಚಾಚಿದರೆ ಬೆಳಗ್ಗೆ ಮತ್ತು ಸಂಜೆ ಅವುಗಳ ನೆರಳು ಎದುರಿನ ಒಳಮೈಯ ಅಂಚಿಗೆ ಬಿದ್ದು, ಬಳೆಯ ನೆರಳೋ ಕಿವಿಯ ನೆರಳೋ ಗೊತ್ತಾಗುವುದಿಲ್ಲ.

ಟೆರೇಸಿನ ಪ್ಯಾರಪೆಟ್ ಗೋಡೆ ಬೇಡ, ಮರದ ಸ್ಟ್ಯಾಂಡ್ ಅಂತೂ ಬೇಡವೇ ಬೇಡ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಬಳೆ ಬಿಸಿಲಿಗೆ ಹಿಗ್ಗುವುದರಿಂದ ತೊಂದರೆಯಿಲ್ಲ, ಎಲ್ಲ ಕಡೆಗೂ ಒಂದೇ ಸಮ ಹಿಗ್ಗುತ್ತದೆ.

ವಾಲಿಕೆಗೆ ತೂಗುಗುಂಡು

ಬಳೆಯ ನೆತ್ತಿಯ ಒಳಮೈಯ ದಕ್ಷಿಣ ಅಂಚಿನಿಂದ 0.3 ಮಿ.ಮೀ. ನೈಲಾನ್ ದಾರದಲ್ಲಿ ಗುಂಡು ಇಳಿಬಿಡಿ. ದಾರದಿಂದ ತಳದ ಒಳಮೈಯ ದಕ್ಷಿಣ ಅಂಚಿಗೆ ಅಡ್ಡ ದೂರ ಇಷ್ಟಿರಬೇಕು: ಒಳವ್ಯಾಸ × ಅಕ್ಷಾಂಶದ ಸೈನ್. ಬೆಂಗಳೂರಿನ 12.97 ಡಿಗ್ರಿಗೆ 134.7 ಮಿ.ಮೀ. ಒಳವ್ಯಾಸವನ್ನು 600 ಎಂದು ನಂಬಬೇಡಿ. ನೆತ್ತಿಯಿಂದ ತಳಕ್ಕೆ ನಿಜವಾಗಿ ಎಷ್ಟಿದೆಯೋ ಅಳೆದು ಹಾಕಿ.

ಸೈನ್ ಎಂದು ನಾವು ಅನ್ನುವುದು ಆರ್ಯಭಟನ ಜ್ಯಾ. ಗ್ರೀಕರು ಇಡೀ ಹೆದೆಯ (ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ನೇರ ಗೆರೆಯ) ಉದ್ದ ಲೆಕ್ಕ ಹಾಕುತ್ತಿದ್ದರು; ಹಿಪ್ಪಾರ್ಕಸ್ ಹೆದೆಗಳ ಮೇಲೆ ಹನ್ನೆರಡು ಪುಸ್ತಕ ಬರೆದಿದ್ದನೆಂದು ಅಲೆಕ್ಸಾಂಡ್ರಿಯಾದ ಥಿಯೋನ್ ಹೇಳುತ್ತಾನೆ. ಭಾರತದಲ್ಲಿ ಅರ್ಧ ಹೆದೆ ಸಾಕಾಯಿತು. ಕ್ಯಾಲ್ಕುಲೇಟರ್ ಬದಿಗಿಟ್ಟು ಆರ್ಯಭಟನ ಪಟ್ಟಿಯಿಂದ ಮಾಡಿ ನೋಡಿ: ತ್ರಿಜ್ಯ 3438, 11 ಡಿಗ್ರಿ 15 ಕಲೆಗೆ 671, 15 ಡಿಗ್ರಿಗೆ 890. ನಡುವೆ 12.97ಕ್ಕೆ ತ್ರೈರಾಶಿ ಹಾಕಿದರೆ 771.4. ಅದನ್ನು 3438ರಿಂದ ಭಾಗಿಸಿ 600ರಿಂದ ಗುಣಿಸಿದರೆ 134.6 ಮಿ.ಮೀ. ಸ್ಟೀಲ್ ಸ್ಕೇಲಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಅಕ್ಷಾಂಶ ಮಾತ್ರ ಊರಿನ ಹೆಸರಿನಿಂದ ತೆಗೆದುಕೊಳ್ಳುವಂತಿಲ್ಲ. ಉತ್ತರ-ದಕ್ಷಿಣವಾಗಿ 1.85 ಕಿ.ಮೀ. ಸರಿದರೆ ಒಂದು ಕಲೆ, ಅಂದರೆ ಒಂದು ಗಂಟೆ. ಯಲಹಂಕಕ್ಕೂ ಎಲೆಕ್ಟ್ರಾನಿಕ್ ಸಿಟಿಗೂ ಕಾಲು ಡಿಗ್ರಿ ವ್ಯತ್ಯಾಸವಿದೆ. ಅಲ್ಲಿಯ ಬಳೆಯನ್ನು ಇಲ್ಲಿ ತಂದಿಟ್ಟರೆ ವಿಷುವ ಹದಿನೈದು ಗಂಟೆ ಸರಿದುಹೋಗುತ್ತದೆ. ಕಂಬದ ಪಕ್ಕದಲ್ಲೇ ನಿಂತು ಫೋನಿನ ಜಿಪಿಎಸ್ ತೋರಿಸುವ ನಾಲ್ಕು ದಶಾಂಶದ ಅಂಕಿ ಬರೆದುಕೊಳ್ಳಿ.

ಗುಂಡು ಗಾಳಿಗೆ ತೂಗಾಡುತ್ತಿದ್ದರೆ ಅದನ್ನು ಎಣ್ಣೆ ತುಂಬಿದ ಡಬ್ಬಿಯೊಳಗೆ ಮುಳುಗಿಸಿ. ತೂಗಾಟ ನಿಂತ ಮೇಲೂ ದಾರದ ಒಂದೇ ಬದಿಯಿಂದ ಅಳೆಯಬೇಕು. 0.2 ಮಿ.ಮೀ.ವರೆಗೆ ಹೊಂದಿಸಿದರೆ ಒಂದು ಗಂಟೆಯ ಸುಮಾರಿಗೆ ಬಂದ ಹಾಗೆ. ನಟ್ಟು ಬಿಗಿ ಮಾಡುವಾಗ ಬಳೆ ಸರಿಯುತ್ತದೆ, ಆದ್ದರಿಂದ ಬಿಗಿ ಮಾಡಿ ಮತ್ತೆ ಅಳೆಯಿರಿ.

ಪೂರ್ವ-ಪಶ್ಚಿಮ

ದಿಕ್ಸೂಚಿ ಇಲ್ಲಿ ಉಪಯೋಗಕ್ಕಿಲ್ಲ, ಎದುರಿಗಿರುವುದೇ ಎರಡು ಕಿಲೋ ಕಬ್ಬಿಣ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ದಾರಿ, ನಡುಹಗಲಿನ ಗುಂಡಿನ ನೆರಳಿನಿಂದ ಉತ್ತರ ಗುರುತಿಸುವುದು. ನಮ್ಮ ಅಕ್ಷಾಂಶದಲ್ಲಿ ವಿಷುವದ ಹೊತ್ತಿಗೆ ಇದು ಕೈಕೊಡುತ್ತದೆ: ಬೆಂಗಳೂರಿನಲ್ಲಿ ಆಗ ಸೂರ್ಯ 77 ಡಿಗ್ರಿ ಎತ್ತರದಲ್ಲಿರುತ್ತಾನೆ, ನೆರಳು ಗಿಡ್ಡ, ದಿಗಂಶ, ಅಂದರೆ ಉತ್ತರದಿಂದ ಅಳೆದ ಸೂರ್ಯನ ದಿಕ್ಕಿನ ಕೋನ, ನಿಮಿಷಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಓಡುತ್ತದೆ. ಹತ್ತು ಸೆಕೆಂಡ್ ಗಡಿಯಾರ ತಪ್ಪಿದರೆ ದಿಕ್ಕು ಸುಮಾರು 0.2 ಡಿಗ್ರಿ ತಪ್ಪುತ್ತದೆ.

ಅದರ ಬದಲು ಬೆಳಿಗ್ಗೆ 8ಕ್ಕೆ ಮಾಡಿ. ಆಗ ದಿಗಂಶ ನಿಮಿಷಕ್ಕೆ 0.07 ಡಿಗ್ರಿಯಷ್ಟೂ ಬದಲಾಗುವುದಿಲ್ಲ, ನೆರಳೂ ಉದ್ದ. ಸ್ಟೆಲೇರಿಯಂ ತಂತ್ರಾಂಶದಲ್ಲಿ ಆ ಜಾಗ, ಆ ನಿಮಿಷದ ಸೂರ್ಯನ ದಿಗಂಶ ನೋಡಿಕೊಂಡು, ಗುಂಡಿನ ದಾರದ ನೆರಳಿನ ಮೇಲೆ ಎರಡು ಚುಕ್ಕೆ ಇಟ್ಟು ಗೆರೆ ಎಳೆದು, ಅಲ್ಲಿಂದ ಕೋನ ತಿರುಗಿಸಿ ಪೂರ್ವ-ಪಶ್ಚಿಮ ಗೆರೆ ಹಾಕಿ. ತಂತ್ರಾಂಶ ಬೇಡ ಅನ್ನುವವರಿಗೆ ಶಂಕು (ನೆಟ್ಟಗಿನ ಕೋಲು) ನೆಟ್ಟು ವೃತ್ತ ಬರೆದು, ಬೆಳಗಿನ ಮತ್ತು ಮಧ್ಯಾಹ್ನ ಕಳೆದ ಮೇಲಿನ ನೆರಳಿನ ತುದಿ ವೃತ್ತ ಮುಟ್ಟುವ ಜಾಗಗಳನ್ನು ಸೇರಿಸುವ ಹಳೆಯ ದಾರಿ ಇದ್ದೇ ಇದೆ. ಬಳೆಯ ಪೂರ್ವ, ಪಶ್ಚಿಮ ತುದಿಗಳು ಒಂದೇ ಎತ್ತರದಲ್ಲಿವೆಯೇ ಎಂದು ನೀರಿನ ಟ್ಯೂಬಿನಲ್ಲಿ ನೋಡಿ. ಇದರಲ್ಲಿ 1 ಮಿ.ಮೀ. ತಪ್ಪಿದರೆ ಹೋಗುವುದು ಒಂದೂಕಾಲು ಗಂಟೆ ಅಷ್ಟೇ, ತಲೆ ಕೆಡಿಸಿಕೊಳ್ಳಬೇಡಿ.

ನೆರಳು ಓದುವುದು

ಸೂರ್ಯ ಚುಕ್ಕೆಯಲ್ಲ, 32 ಕಲೆ ಅಗಲದ ತಟ್ಟೆ. ಆದ್ದರಿಂದ 25 ಮಿ.ಮೀ. ಪಟ್ಟಿಯ ದಟ್ಟ ನೆರಳು 600 ಮಿ.ಮೀ. ಆಚೆ 19.4 ಮಿ.ಮೀ.ಗೆ ಕಿರಿದಾಗುತ್ತದೆ. ಸರಿಯಾಗಿ ವಿಷುವದಲ್ಲಿ ಒಳಮೈ ಹೀಗೆ ಕಾಣುತ್ತದೆ: ನಡುವೆ ಕಪ್ಪು, ಎರಡೂ ಅಂಚಿನಲ್ಲಿ 2.8 ಮಿ.ಮೀ. ಅಗಲದ ಬೂದು ಪಟ್ಟೆ, ಒಳಗಿನಿಂದ ಅಂಚಿನ ಕಡೆಗೆ ಮೆಲ್ಲಗೆ ಬೆಳಗಾಗುತ್ತಾ. ಹಳೆಯ ಬರಹದಲ್ಲಿ ಬಳೆ ‘ಎರಡೂ ಕಡೆ ಸಮವಾಗಿ ಬೆಳಗಿತು’ ಎಂದಿರುವುದು ಇದನ್ನೇ.

ನೆರಳು ಅರ್ಧ ಮಿ.ಮೀ. ಉತ್ತರಕ್ಕೆ ಸರಿದರೆ ದಕ್ಷಿಣದ ಪಟ್ಟೆ 3.3, ಉತ್ತರದ್ದು 2.3 ಆಗುತ್ತದೆ. ವ್ಯತ್ಯಾಸ ಇಮ್ಮಡಿಯಾಗುವುದರಿಂದ ಕಣ್ಣಿಗೆ ಬೇಗ ಗೊತ್ತಾಗುತ್ತದೆ. ಕಪ್ಪಿನ ಅಂಚು ಎಲ್ಲಿ ಮುಗಿಯಿತೆಂದು ಹುಡುಕಬೇಡಿ, ಅದಕ್ಕೆ ಅಂಚೇ ಇಲ್ಲ. ಎರಡು ಪಟ್ಟೆಗಳನ್ನು ಒಟ್ಟಿಗೆ ನೋಡಿ ಹೋಲಿಸಿ. ಓದಬೇಕಾದ್ದು ಸೂರ್ಯನಿಗೆ ನೇರ ಎದುರಿನ ಜಾಗದಲ್ಲಿ ಮಾತ್ರ; ಅಕ್ಕಪಕ್ಕಕ್ಕೆ ಹೋದ ಹಾಗೆ ದೂರ ಕಡಿಮೆಯಾಗಿ ನೆರಳು ನಡುಗೆರೆಗೆ ಮರಳುತ್ತದೆ, ವಿಷುವಕ್ಕೆ ಎರಡು ದಿನವಿರುವಾಗ ನೆರಳು ಬಾಗಿದ ಬಿಲ್ಲಿನ ಹಾಗೆ ಕಾಣುವುದು ಅದಕ್ಕೇ.

ವಿಷುವ ರಾತ್ರಿಯಲ್ಲಿ ಬಿದ್ದರೆ? 2026ರ ಮಾರ್ಚ್ ವಿಷುವ ಭಾರತದ ಗಡಿಯಾರದಲ್ಲಿ 20ರ ರಾತ್ರಿ 8:16. ಬೆಂಗಳೂರಿನಲ್ಲಿ ಆ ದಿನದ ನಿಜವಾದ ನಡುಹಗಲು 12:27. ತಪ್ಪಿಲ್ಲದೆ ನಿಂತ ಬಳೆಯಲ್ಲಿ 20ರ ನಡುಹಗಲಿಗೆ ನೆರಳು 1.35 ಮಿ.ಮೀ. ಉತ್ತರಕ್ಕೆ, 21ರಂದು 2.8 ಮಿ.ಮೀ. ದಕ್ಷಿಣಕ್ಕೆ ಬರಬೇಕು. ಒಟ್ಟು 4.15ರಲ್ಲಿ 1.35ರ ಪಾಲು, 24 ಗಂಟೆಗೆ 7.8 ಗಂಟೆ. 12:27ಕ್ಕೆ ಸೇರಿಸಿದರೆ ರಾತ್ರಿ 8:15. ಎರಡೇ ದಿನದ ಬದಲು ಹಿಂದೆ ಮೂರು, ಮುಂದೆ ಮೂರು ದಿನ ಓದಿ ಗ್ರಾಫಿನಲ್ಲಿ ಗೆರೆ ಎಳೆದರೆ ಓದಿನ ತಪ್ಪು ಇನ್ನೂ ಇಳಿಯುತ್ತದೆ. ಹಿಪ್ಪಾರ್ಕಸನ ಪಟ್ಟಿಯಲ್ಲಿ ‘ನಡುರಾತ್ರಿ’ ಅನ್ನುವ ವಿಷುವ ಇರುವುದು ಇಂಥ ಯಾವುದೋ ಲೆಕ್ಕದಿಂದಲೇ. ಕತ್ತಲಲ್ಲಿ ಬಳೆ ಏನನ್ನೂ ಹೇಳುವುದಿಲ್ಲ.

ತಪ್ಪು ಎಲ್ಲಿದೆ

ಬೆಳಿಗ್ಗೆ, ನಡುಹಗಲು, ಸಂಜೆ ಮೂರು ಹೊತ್ತೂ ಓದಿ, ದಿನದ ಸಹಜ ಸರಿತವನ್ನು ಕಳೆಯಿರಿ. ಮೂರೂ ಒಂದೇ ಕಡೆಗೆ, ನಡುಹಗಲಿಗೆ ಹೆಚ್ಚು, ಬೆಳಿಗ್ಗೆ ಸಂಜೆ ಕಡಿಮೆ ತಪ್ಪಿದ್ದರೆ ವಾಲಿಕೆ ತಪ್ಪು, ಇಲ್ಲವೇ ಅಕ್ಷಾಂಶ ತಪ್ಪು. ನಡುಹಗಲು ಸರಿಯಿದ್ದು, ಬೆಳಿಗ್ಗೆ ಒಂದು ಕಡೆಗೂ ಸಂಜೆ ಅದಕ್ಕೆ ಎದುರು ಕಡೆಗೂ ಹೋಗಿದ್ದರೆ ಬಳೆ ಪೂರ್ವ-ಪಶ್ಚಿಮದಿಂದ ತಿರುಗಿದೆ; ಹಲಗೆಯ ಬೋಲ್ಟು ಸಡಿಲಿಸಿ ಸರಿಪಡಿಸಿ. ಒಂದೇ ಗಂಟೆಯ ಓದು ಮಾತ್ರ ಹಾರಿದ್ದರೆ ಬಳೆಯ ಆ ತುಂಡು ಸೊಟ್ಟ. ಸೂರ್ಯ ಹುಟ್ಟುವಾಗಲೂ ಮುಳುಗುವಾಗಲೂ ನೆರಳು ದಕ್ಷಿಣಕ್ಕೆ ಸರಿದಿದ್ದರೆ ಬಳೆಯಲ್ಲಿ ತಪ್ಪಿಲ್ಲ, ಅದು ಗಾಳಿಯ ವಕ್ರೀಭವನ.

ಈ ಕೊನೆಯದು ಹಳಬರನ್ನು ಕಾಡಿದ್ದು. ದಿಗಂತದಲ್ಲಿ ಗಾಳಿ ಸೂರ್ಯನನ್ನು 34 ಕಲೆ ಮೇಲೆತ್ತಿ ತೋರಿಸುತ್ತದೆ. ಅಲೆಕ್ಸಾಂಡ್ರಿಯಾದಲ್ಲಿ ಸೂರ್ಯನ ದಾರಿ ಓರೆ, ಮೇಲೆತ್ತಿದ್ದರಲ್ಲಿ ಸುಮಾರು 18 ಕಲೆ ಉತ್ತರಕ್ಕೆ ಸರಿದಂತೆ ಕಾಣುತ್ತದೆ. ಮಾರ್ಚಿನಲ್ಲಿ ಸೂರ್ಯ ಇನ್ನೂ ದಕ್ಷಿಣದಲ್ಲಿರುವಾಗಲೇ ಬೆಳಗಿನ ಬಳೆ ‘ವಿಷುವ ಆಯಿತು’ ಅನ್ನುತ್ತದೆ, ಸೂರ್ಯ ಮೇಲೇರಿದಂತೆ ಹಿಂದೆ ಸರಿಯುತ್ತದೆ, ಆಮೇಲೆ ನಿಜವಾದ ವಿಷುವ ಬಂದು ಎರಡನೇ ಸಲ ಬೆಳಗುತ್ತದೆ. ಕ್ರಿ.ಪೂ. 146ರ ಮಾರ್ಚ್ 24ರ ವಿಷುವವನ್ನು ಹಿಪ್ಪಾರ್ಕಸ್ ಬೆಳಗಿನ ಜಾವಕ್ಕೆ ಇಟ್ಟ. ಅಲೆಕ್ಸಾಂಡ್ರಿಯಾದ ಬಳೆ ಎರಡೂ ಕಡೆ ಸಮವಾಗಿ ಬೆಳಗಿದ್ದು ಸೂರ್ಯೋದಯದಿಂದ ಎಣಿಸಿದ ಹಗಲಿನ ಐದನೇ ಗಂಟೆಯ ಸುಮಾರಿಗೆ. ಒಂದೇ ವಿಷುವಕ್ಕೆ ಐದು ಗಂಟೆಯ ಅಂತರ. ತನ್ನ ಕಾಲದ ಬಳೆಗಳಲ್ಲಿ ದೊಡ್ಡದೂ ಹಳೆಯದೂ ಆದದ್ದು ಕೂತ ಜಾಗದಿಂದ ಜರುಗಿದೆ, ಅದಕ್ಕೇ ಒಂದೇ ವಿಷುವದಲ್ಲಿ ಎರಡೆರಡು ಸಲ ಬೆಳಗುತ್ತದೆ ಎಂದು ಟಾಲೆಮಿ ದೂರಿದ್ದಾನೆ.

ಬೆಂಗಳೂರಿನಲ್ಲಿ ಸೂರ್ಯ ಹೆಚ್ಚು ನೆಟ್ಟಗೆ ಏರುವುದರಿಂದ ಅದೇ 34 ಕಲೆಯಲ್ಲಿ ಉತ್ತರಕ್ಕೆ ಹೋಗುವುದು 8 ಕಲೆಗೂ ಕಡಿಮೆ. ಸೂರ್ಯ 10 ಡಿಗ್ರಿ ಏರಿದ ಮೇಲೆ ಒಂದು ಕಲೆಗೆ ಸ್ವಲ್ಪ ಹೆಚ್ಚು, ನಡುಹಗಲಿಗೆ ಕಾಲು ಕಲೆಯೂ ಇಲ್ಲ. ಈ ಒಂದು ವಿಷಯದಲ್ಲಿ ನಮ್ಮ ಜಾಗ ಅಲೆಕ್ಸಾಂಡ್ರಿಯಾಕ್ಕಿಂತ ವಾಸಿ.

ಅಲುಗದ ಬಳೆ, ಸರಿಯಾದ ಬಳೆ

ವಾಲಿಕೆ 6 ಕಲೆ ತಪ್ಪಿ, ಸೂರ್ಯನನ್ನು ಉತ್ತರಕ್ಕೆ ತೋರಿಸುವ ಬಳೆ ಮಾರ್ಚ್ ವಿಷುವವನ್ನು ಆರು ಗಂಟೆ ಮುಂಚೆ ಹೇಳುತ್ತದೆ. ಮುಂದಿನ ಮಾರ್ಚಿನಲ್ಲೂ ಆರು ಗಂಟೆ ಮುಂಚೆಯೇ. ಮಾರ್ಚಿನಿಂದ ಮಾರ್ಚಿಗೆ ಕಳೆದರೆ ತಪ್ಪು ಮಾಯ. ಸೆಪ್ಟೆಂಬರಿನಲ್ಲಿ ಅದೇ ಬಳೆ ಆರು ಗಂಟೆ ತಡ ಮಾಡುತ್ತದೆ, ಹಾಗಾಗಿ ಮಾರ್ಚ್-ಸೆಪ್ಟೆಂಬರ್ ಅಂತರ ಹನ್ನೆರಡು ಗಂಟೆ ಉದ್ದವಾಗುತ್ತದೆ. ವರ್ಷದ ಉದ್ದಕ್ಕೆ ಬಳೆ ಅಲುಗದಿದ್ದರೆ ಸಾಕು, ಋತುಗಳ ಉದ್ದಕ್ಕೆ ಅದು ಸರಿಯಾಗಿಯೂ ಕೂತಿರಬೇಕು. ನಡುಹಗಲಿನ ಓದನ್ನೇ ಹಿಡಿದರೆ ಪೂರ್ವ-ಪಶ್ಚಿಮದ ತಪ್ಪೂ ಲೆಕ್ಕದೊಳಗೆ ನುಸುಳುವುದಿಲ್ಲ.

ಉಳಿದ ತಪ್ಪನ್ನು ಹಿಪ್ಪಾರ್ಕಸ್ ವರ್ಷಗಳ ಮೇಲೆ ಹಂಚಿ ತೆಳ್ಳಗೆ ಮಾಡಿದ. ಹಿಂದಿನ ಖಗೋಳಜ್ಞ ಅರಿಸ್ಟಾರ್ಕಸ್ ಕ್ರಿ.ಪೂ. 280ರಲ್ಲಿ ನೋಡಿದ್ದ ಬೇಸಿಗೆಯ ಅಯನವನ್ನು (ಸೂರ್ಯ ಅತಿ ಉತ್ತರಕ್ಕೆ ಮುಟ್ಟುವ ಹೊತ್ತನ್ನು) ತಾನು 135ರಲ್ಲಿ ನೋಡಿದ್ದರ ಜೊತೆಗಿಟ್ಟಾಗ, 365¼ ದಿನದ ಲೆಕ್ಕಕ್ಕಿಂತ 145 ವರ್ಷದಲ್ಲಿ ಅರ್ಧ ದಿನ ಮುಂಚೆ ಬಂದಿತ್ತು. ಹಾಗಾಗಿ ಮುನ್ನೂರು ವರ್ಷಕ್ಕೆ ಒಂದು ದಿನ ಕಡಿಮೆ: 365 ದಿನ 5 ಗಂಟೆ 55 ನಿಮಿಷ. ಇವತ್ತಿನ ಅಂಕಿಗಿಂತ ಆರೂವರೆ ನಿಮಿಷ ಹೆಚ್ಚು. ಟಾಲೆಮಿಯ ಕಾಲಕ್ಕೆ ಅದು 285 ವರ್ಷ ಕೂಡಿ 30 ಗಂಟೆಯಾಗಿತ್ತು. ಟಾಲೆಮಿ ತಾನೇ ನೋಡಿದೆ ಅನ್ನುವ ವಿಷುವಗಳೂ ಹೆಚ್ಚುಕಡಿಮೆ ಅಷ್ಟೇ ತಡ. ಬಳೆ ನೋಡಿ ಬರೆದನೋ, ಹಳೆಯ ವರ್ಷದ ಉದ್ದ ಕೂಡಿಸಿ ಬರೆದನೋ ಎಂಬ ಅನುಮಾನ ಹಳೆಯದು. ಅನುಮಾನಕ್ಕೆ ಕಾರಣ ಇದೆ ಅಂತಲೇ ಅನ್ನಿಸುತ್ತದೆ.

ಹೊಸ ಬಳೆಯಿಂದ ಮೊದಲ ವರ್ಷದಲ್ಲೇ ಸಿಗುವ ಒಳ್ಳೆಯ ಅಂಕಿ ಎರಡು ವಿಷುವಗಳ ಅಂತರ. 2026ರಲ್ಲಿ ಮಾರ್ಚಿನಿಂದ ಸೆಪ್ಟೆಂಬರಿಗೆ 186 ದಿನ 9 ಗಂಟೆ. ಅಲ್ಲಿಂದ ಮುಂದಿನ ಮಾರ್ಚಿಗೆ 179 ದಿನವೂ ತುಂಬುವುದಿಲ್ಲ. ಹಿಪ್ಪಾರ್ಕಸನ ಅಂಕಿ 187 ದಿನ, ವಸಂತದ 94½ ಮತ್ತು ಬೇಸಿಗೆಯ 92½ ಸೇರಿ. ಭೂಮಿಯ ಸುತ್ತ ಸೂರ್ಯ ಸುತ್ತುತ್ತಾನೆಂದು ಅವನು ಎಣಿಸಿದ್ದ ವೃತ್ತದ ನಡುಬಿಂದು ಭೂಮಿಯಿಂದ ತ್ರಿಜ್ಯದ 24ನೇ ಒಂದು ಭಾಗದಷ್ಟು ಆಚೆಗಿದೆ ಎಂದು ಅವನು ಲೆಕ್ಕ ಹಾಕಿದ್ದು ಈ ಎರಡು ಋತುಗಳ ಉದ್ದದಿಂದಲೇ. ಏಳೂವರೆ ದಿನದ ಅಂತರವನ್ನು ಹಿಡಿಯಲು ಆರು ಗಂಟೆ ತಪ್ಪುವ ಬಳೆಯೂ ಸಾಕು.

ಸೆಪ್ಟೆಂಬರಿನಲ್ಲಿ ಮೋಡದ ಕಾಟ ಇರುವುದರಿಂದ ಹದಿನೈದನೇ ತಾರೀಖಿನಿಂದಲೇ, ಬಿಸಿಲು ಕಂಡ ದಿನವೆಲ್ಲ ನಡುಹಗಲಿನ ಓದು ಬರೆದಿಡಿ. ಐದಾರು ದಿನಕ್ಕಿಂತ ಮುಂಚೆ ನೆರಳು 25 ಮಿ.ಮೀ. ಪಟ್ಟಿಯಿಂದ ಪೂರ್ತಿ ಹೊರಗೆ ಬೀಳುತ್ತದೆ, ಆಗ ತಳದ ದಕ್ಷಿಣ ಅಂಚಿಗೆ ಬಿಳಿ ರಟ್ಟು ಒತ್ತಿ ಹಿಡಿದು ಅದರ ಮೇಲೆ ಅಳೆಯಬೇಕು. ಓದು ಶುರು ಮಾಡುವ ಮೊದಲು ಗುಂಡು ಇಳಿಬಿಟ್ಟು 134.7 ಹಾಗೇ ಇದೆಯೇ ನೋಡಿ. ಮಳೆಗಾಲ ಕಳೆದ ಕಂಬ ಇದ್ದಲ್ಲೇ ಇರುತ್ತದೆ ಎಂದುಕೊಳ್ಳುವ ಹಾಗಿಲ್ಲ.